ಮಲೆನಾಡಿನ ವಸ್ತುಸಂಗ್ರಹಾಲಯ: ಕಲ್ಲು, ಕೀಟ ಮತ್ತು ಮಳೆ

ವಸ್ತುಸಂಗ್ರಹಾಲಯವೆಂದೊಡನೆ ಸಾಮಾನ್ಯರ ಕಣ್ಣಮುಂದೆ ಬರುವುದು ಗಾಜಿನ ಪೆಟ್ಟಿಗೆ, ಧೂಳು ಮತ್ತು ‘ಮುಟ್ಟಬಾರದು’ ಎಂಬ ಫಲಕ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಆರಂಭವಾದಾಗ ಅಪರೂಪದ ವಸ್ತುಗಳನ್ನು ಒಂದೆಡೆ ಕೂಡಿಸಿ ಕಾಪಾಡುವುದೇ ಮುಖ್ಯ ಕಾರ್ಯವೆನಿಸಿತ್ತು. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ತೆರೆಯುವ ವೇಳೆಗೆ ಈ ಕಲ್ಪನೆ ಬಹುಮಟ್ಟಿಗೆ ಬದಲಾಗಿತ್ತು. ಅಲ್ಲಿ ಪ್ರದರ್ಶನದಷ್ಟೇ ಗಮನ ಮಕ್ಕಳ ಶಿಬಿರಗಳಿಗೂ ಸ್ಪರ್ಧೆಗಳಿಗೂ ಸಂದಿದೆ. ನೋಡುವವನು ಕಲಿಯುವವನಾಗಬೇಕೆಂಬುದು ಹೊಸ ಕಾಲದ ಅಪೇಕ್ಷೆ.

ಮೂಡಿಗೆರೆ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕಾಫಿ ಬೆಳೆಗಾರರಾಗಿ ಇಲ್ಲಿಯೇ ನೆಲೆನಿಂತ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ತೋಟ, ಕೆರೆ, ಕಾಡುಗಳನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡವರು. ಚಾರ್ಮಾಡಿ ಘಟ್ಟದ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಅವರ ಬದುಕು ಬರಹಗಳ ಪರಿಚಯ, ಛಾಯಾಚಿತ್ರಗಳು, ಕೀಟಗಳ ಸಂಗ್ರಹ ಅಲ್ಲಿ ನೋಡಸಿಗುತ್ತವೆ. ಪುಸ್ತಕದ ಓದು, ಚಾರಣ, ಪ್ರದರ್ಶನಗಳ ಮೂಲಕ ಶಾಲಾ ಕಾಲೇಜುಗಳ ಮಕ್ಕಳನ್ನು ಸೆಳೆಯುವ ಕೆಲಸವೂ ನಡೆದಿದೆ. 1980ರಲ್ಲಿ ಪ್ರಕಟವಾದ ‘ಕರ್ವಾಲೊ’ ಕಾದಂಬರಿಯಲ್ಲಿ ಹುಡುಕಾಟಕ್ಕೆ ಕಾರಣವಾದ ಹಾರುವ ಓತಿ ಕೊನೆಗೂ ಕೈಗೆ ಸಿಕ್ಕುವುದಿಲ್ಲವೆಂಬುದನ್ನು ಓದುಗರು ಬಲ್ಲರು. ಆ ಪ್ರಾಣಿ ಕಟ್ಟುಕಥೆಯದಲ್ಲ. ಪಕ್ಕೆಲುಬುಗಳ ಬಲದಿಂದ ಚರ್ಮದ ಮಡಿಕೆಯನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಈ ಓತಿ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಅಡಿಕೆ ತೋಟಗಳಲ್ಲಿಯೂ ಉಂಟು. ಇರುವೆಗಳೇ ಅದರ ಮುಖ್ಯ ಆಹಾರ. ಸೀಸೆಯ ದ್ರವದಲ್ಲಿ ಮುಳುಗಿದ ಓತಿ ಅದರ ರೆಕ್ಕೆಯನ್ನು ತೋರಿಸೀತು, ತೇಲಾಟವನ್ನು ತೋರಿಸದು.

ಹಾಗೆಂದು ಪೆಟ್ಟಿಗೆಯ ಕೀಟಗಳು ನಿರುಪಯೋಗಿಯೆಂದು ತಿಳಿಯಬಾರದು. ಕಾಫಿಯ ಬಿಳಿ ಕಾಂಡಕೊರಕವನ್ನೇ ತೆಗೆದುಕೊಳ್ಳೋಣ. ಅರೇಬಿಕಾ ಗಿಡವನ್ನು ಒಣಗಿಸುವ ಈ ದುಂಬಿಯ ಹೆಸರನ್ನು ಈ ಸೀಮೆಯ ಪ್ರತಿಯೊಂದು ಮಗುವೂ ಕೇಳಿರುತ್ತದೆ. ಕಂಡಿರುವ ಮಕ್ಕಳು ವಿರಳ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಬಿಸಿಲು ಬೀಳುವ ಕಾಂಡವೆಂದರೆ ದುಂಬಿಗೆ ಹೆಚ್ಚು ಪ್ರೀತಿ. ನೆರಳುಮರ ಕಡಿದ ತೋಟದಲ್ಲಿ ಬಾಧೆ ಹೆಚ್ಚುವುದೂ, ತೊಗಟೆಯನ್ನು ಉಜ್ಜಿ ನುಣುಪುಮಾಡುವ ಪದ್ಧತಿ ಬಂದದ್ದೂ ಇದೇ ಕಾರಣದಿಂದ. ಉದ್ದಕ್ಕೆ ಸೀಳಿದ ಒಂದು ಕಾಂಡ, ಅದರೊಳಗಿನ ಸುರಂಗ, ಪಕ್ಕದಲ್ಲಿ ಸೂಜಿಗೆ ಚುಚ್ಚಿದ ದುಂಬಿ: ಇಷ್ಟನ್ನು ಒಂದೆಡೆ ಇಟ್ಟರೆ ನೆರಳುಮರ ಏಕೆ ಬೇಕೆಂಬ ಪ್ರಶ್ನೆಗೆ ಬೇರೆ ಉಪನ್ಯಾಸ ಬೇಕಾಗದು.

ಆದರೆ ಮಲೆನಾಡಿನ ಮಳೆಗಾಲವು ಇಂತಹ ಸಂಗ್ರಹಕ್ಕೆ ಶತ್ರು. ಜೂನ್ ತಿಂಗಳಿಂದ ಗೋಡೆಗಳೇ ಬೆವರುವ ಊರಿನಲ್ಲಿ ಕೀಟದ ಮೈಮೇಲೆ ಬೂಷ್ಟು ಹಿಡಿಯಲು ಕೆಲವು ದಿನಗಳೇ ಸಾಕು. ಪೆಟ್ಟಿಗೆ ಬಿಗಿಯಾಗಿರಬೇಕು, ತೇವ ಹೀರುವ ಹರಳುಗಳನ್ನು ಆಗಾಗ ಒಣಗಿಸಿ ಇಡಬೇಕು. ಇದಕ್ಕಿಂತಲೂ ಮುಖ್ಯವಾದುದು ಗುರುತುಚೀಟಿ. ಸಿಕ್ಕಿದ ಊರು, ದಿನಾಂಕ, ಹಿಡಿದವರ ಹೆಸರು ಇಲ್ಲದ ಕೀಟವು ಅಲಂಕಾರದ ವಸ್ತು ಮಾತ್ರ. ಚೀಟಿ ಇದ್ದರೆ ಐವತ್ತು ವರ್ಷಗಳ ಅನಂತರವೂ ಅದು ಸಾಕ್ಷಿಯಾಗುತ್ತದೆ. ದೆಹಲಿಯಲ್ಲಿ 1978ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವು 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಚೀಟಿಗಳ ನಕಲೊಂದನ್ನು ಬೇರೆ ಕಟ್ಟಡದಲ್ಲಿ ಇಡುವುದು ಚಿಕ್ಕ ಶಾಲೆಗೂ ಅಸಾಧ್ಯವಲ್ಲ.

ಕೀಟಗಳನ್ನು ಒಳಗೆ ತರಬೇಕು. ಕಲ್ಲುಗಳ ವಿಷಯ ಹಾಗಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಪ್ರಾಚೀನ ಸೊಸೆವೂರು, ಹೊಯ್ಸಳರ ಮೂಲಸ್ಥಾನವೆಂದು ಪ್ರಸಿದ್ಧವಾದ ಊರು. ಸಳನು ಹುಲಿಯನ್ನು ಹೊಡೆದ ಐತಿಹ್ಯಕ್ಕೂ ಇದೇ ನೆಲೆ. ಅಲ್ಲಿನ ವಸಂತಮ್ಮನ ಗುಡಿ, ಜೈನ ಬಸದಿಗಳು, ಪಾಳುಬಿದ್ದ ದೇವಾಲಯಗಳು ಬಯಲಿನಲ್ಲಿರುವ ಸಂಗ್ರಹಾಲಯವೇ ಸರಿ. ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟದಲ್ಲಿ 1901ರಲ್ಲಿ ಪ್ರಕಟಿಸಿದರು. ಅಂತಹ ಕಲ್ಲುಗಳಿಗೆ ಹೊಂದಿಕೊಂಡು ಬಾಳಿದ ಜನ ಅವುಗಳನ್ನು ಒಮ್ಮೊಮ್ಮೆ ಪೂಜಿಸಿದರು, ಒಮ್ಮೊಮ್ಮೆ ಬಟ್ಟೆ ಒಗೆಯುವ ಹಾಸುಗಲ್ಲಾಗಿಯೂ ಬಳಸಿದರು.

ವೀರಗಲ್ಲಿನ ಓದು ಮಕ್ಕಳಿಗೆ ಕಠಿಣವಲ್ಲ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ನೆತ್ತಿಯಲ್ಲಿ ಸೂರ್ಯಚಂದ್ರರು. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ತುರುಗಾಳಗವೆಂದು ಊಹಿಸಬಹುದು. ಬಳೆ ತೊಟ್ಟ ತೋಳು ಮೇಲೆತ್ತಿದ್ದರೆ ಅದು ಮಾಸ್ತಿಕಲ್ಲು. ಇಷ್ಟು ಕಲಿತ ಬಾಲಕ ತನ್ನ ಊರಿನ ಗಡಿಯಲ್ಲಿ ನಿಂತ ಕಲ್ಲನ್ನು ಮತ್ತೆ ಬರಿಯ ಕಲ್ಲೆಂದು ಕಾಣಲಾರ.

ಇಂತಹ ಕಲ್ಲುಗಳನ್ನು ಶಾಲೆಯ ಅಂಗಳಕ್ಕೆ ಸಾಗಿಸಿ ಸಾಲಾಗಿ ನಿಲ್ಲಿಸಬೇಕೆಂಬ ಸದುದ್ದೇಶದ ಸಲಹೆ ಅಲ್ಲಲ್ಲಿ ಕೇಳಿಬರುವುದುಂಟು. ಅದು ಸರಿಯಲ್ಲ. ವೀರಗಲ್ಲು ನಿಂತ ಜಾಗವೇ ಅದರ ಅರ್ಧ ಅರ್ಥ. ಕಾಳಗ ಯಾವ ಹಾದಿಯಲ್ಲಿ, ಯಾವ ಕೆರೆಯ ಏರಿಯ ಬಳಿ ನಡೆಯಿತೆಂಬುದಕ್ಕೆ ಹಲವೆಡೆ ಬೇರೆ ದಾಖಲೆಯೇ ಇರುವುದಿಲ್ಲ. ಪುರಾತನ ವಸ್ತುಗಳ ಬಗೆಗೆ 1972ರ ಕಾಯಿದೆಯೂ ಇದೆ. ಶಾಲೆ ಮಾಡಬಹುದಾದುದೆಂದರೆ ಕಲ್ಲನ್ನು ಅಳೆದು, ಚಿತ್ರ ತೆಗೆದು, ಊರಿನ ನಕ್ಷೆಯಲ್ಲಿ ಗುರುತಿಸಿ, ಆ ನಕ್ಷೆಯನ್ನು ಗೋಡೆಗೆ ಹಾಕುವುದು. ಕಲ್ಲು ಊರಿನಲ್ಲಿಯೇ ಇರಲಿ, ಮಕ್ಕಳು ಅಲ್ಲಿಗೆ ನಡೆದುಹೋಗಲಿ.

ದಾನಿಗಳ ವಿಷಯದಲ್ಲಿಯೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗುತ್ತದೆ. ಹಳೆಯ ತೋಟದ ಬಂಗಲೆಗಳ ಗೋಡೆಯ ಮೇಲೆ ಕಡವೆಯ ಕೊಂಬು, ಹುಲಿಯ ಚರ್ಮ ಇರುತ್ತಿದ್ದವು. ಅವುಗಳನ್ನು ಶಾಲೆಗೆ ಒಪ್ಪಿಸಿ ಪುಣ್ಯ ಕಟ್ಟಿಕೊಳ್ಳುವ ಆಸೆ ಸಹಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಧಿಕೃತ ಪ್ರಮಾಣಪತ್ರವಿಲ್ಲದ ಇಂತಹ ವಸ್ತುವನ್ನು ಇರಿಸಿಕೊಳ್ಳುವುದು ಅಪರಾಧ. ದಾಸೋಹದ ಪರಂಪರೆಯಲ್ಲಿ ನಡೆಯುವ ವಿದ್ಯಾಸಂಸ್ಥೆಗೆ ಕೊಟ್ಟದ್ದನ್ನು ಬೇಡವೆನ್ನುವುದು ಕಷ್ಟವೇ ಆದರೂ ಇಲ್ಲಿ ಬೇಡವೆನ್ನಲೇಬೇಕು.

ಅದೇ ಬಂಗಲೆಗಳಲ್ಲಿ, ಅದೇ ಸಾಹುಕಾರರ ಮೇಜಿನ ಖಾನೆಗಳಲ್ಲಿ, ಕೊಂಬಿಗಿಂತ ಬೆಲೆಯುಳ್ಳ ಇನ್ನೊಂದು ವಸ್ತುವಿರುತ್ತದೆ: ಮಳೆಯ ಪುಸ್ತಕ. ಕಾಫಿ ಬೆಳೆಗಾರರು ಮಳೆಮಾಪಕವಿಟ್ಟು ದಿನದಿನದ ಮಳೆಯನ್ನು ಇಂಚುಗಳಲ್ಲಿ ಬರೆದಿಡುವ ರೂಢಿ ಹಳೆಯದು. ಹೂಮಳೆ ಯಾವ ದಿನ ಬಿತ್ತೆಂಬುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತಿತ್ತಷ್ಟೆ. ಈ ತಾಲ್ಲೂಕಿನಲ್ಲಿ ಮಳೆಯ ಲೆಕ್ಕಕ್ಕೆ ಬೇರೆಯ ತೂಕವೂ ಉಂಟು. ಜಾವಳಿಯ ಬಳಿ ಹುಟ್ಟುವ ಹೇಮಾವತಿ ಕಾವೇರಿಯನ್ನು ಸೇರಿ ಪೂರ್ವ ಸಮುದ್ರಕ್ಕೆ ಹೋಗುತ್ತದೆ. ಚಾರ್ಮಾಡಿಯ ಕೆಳಗಿಳಿಯುವ ತೊರೆಗಳು ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರ ಸೇರುತ್ತವೆ. 2019ರ ಆಗಸ್ಟ್ ತಿಂಗಳ ಮಳೆಗೆ ಇಲ್ಲಿನ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣುಪಾಲಾದವು. ಅಂತಹ ಮಳೆ ಹಿಂದೆ ಬಿದ್ದಿತ್ತೆ, ಎಷ್ಟು ದಿನ ಒಂದೇ ಸಮನೆ ಬಿದ್ದಿತ್ತು ಎಂಬ ಪ್ರಶ್ನೆಗೆ ಆ ಹಳೆಯ ಪುಸ್ತಕಗಳಲ್ಲಿ ಉತ್ತರದ ತುಣುಕುಗಳಿವೆ. ಗೆದ್ದಲು ಮುಟ್ಟುವ ಮೊದಲು ಅವುಗಳ ನಕಲು ಶಾಲೆಗೆ ಬರಬೇಕು. ಮೂಲಪ್ರತಿ ಮನೆಯವರಲ್ಲಿಯೇ ಇರಲಿ. ಪ್ರೌಢಶಾಲೆಯ ಗಣಿತದ ತರಗತಿ ವರ್ಷಕ್ಕೊಂದು ಪುಸ್ತಕದ ಅಂಕಿಗಳನ್ನು ನಕ್ಷೆಗಿಳಿಸಿದರೂ ಸಾಕು. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ನಿಲ್ಲಿಸಿ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯುವ ಹೊಣೆಯನ್ನು ಸರದಿಯಂತೆ ಮಕ್ಕಳಿಗೆ ಒಪ್ಪಿಸಿದರೆ, ಮುಂದಿನ ಪುಟಗಳು ಅಲ್ಲಿಂದ ಮೊದಲಾಗುತ್ತವೆ.