ಪ್ರೋಟೀನುಗಳ ಹಿಡಿತವನ್ನು ಬೆಳಕಿನಿಂದ ಅಳೆಯುವ ಬಗೆ

ಆಮ್ಲ ಬೆರೆಸಿದ ಕ್ವಿನೈನ್ ದ್ರಾವಣವನ್ನು ಬಿಸಿಲಿಗೆ ಹಿಡಿದರೆ ಅದರ ಮೇಲ್ಭಾಗದಲ್ಲಿ ನಸುನೀಲಿ ಹೊಳಪು ತೋರುತ್ತದೆ. ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನು ಹೀರಿ, ಕಾಣುವ ಬೆಳಕನ್ನು ಹೊರಸೂಸುವ ಈ ಗುಣವೇ ಪ್ರತಿದೀಪ್ತಿ. 1852ರಲ್ಲಿ ಸ್ಟೋಕ್ಸನು ಇದನ್ನು ವಿವರಿಸಿದನು. ಎರಡು ಪ್ರೋಟೀನುಗಳು ಒಂದನ್ನೊಂದು ಎಷ್ಟು ಬಲವಾಗಿ ಹಿಡಿಯುತ್ತವೆಂಬುದನ್ನು ಈ ಹೊಳಪಿನಿಂದಲೇ ಅಳೆಯಬಹುದೆಂದರೆ ವಾಚಕರಿಗೆ ಸೋಜಿಗವೆನಿಸೀತು.

'ಅ' ಎಂಬ ಪ್ರೋಟೀನಿಗೆ ಫ್ಲೂರೆಸೀನ್ ಬಣ್ಣವನ್ನು ಅಂಟಿಸಿ, ಅದರ ಮೇಲೆ ಧ್ರುವೀಕೃತ ಬೆಳಕನ್ನು ಬೀಳಿಸೋಣ. ಬಣ್ಣದ ಅಣುವು ಬೆಳಕನ್ನು ಹೀರಿದ ಮೇಲೆ ಸರಾಸರಿ 4 ನ್ಯಾನೊಸೆಕೆಂಡು ಕಾಲ ತಡೆದು, ಅನಂತರ ಹೊರಸೂಸುತ್ತದೆ. ಅಷ್ಟರಲ್ಲಿ ಅಣುವು ಎಷ್ಟು ತಿರುಗಿತು ಎಂಬುದೇ ಇಲ್ಲಿನ ಪ್ರಶ್ನೆ. ಬೀದಿಯ ತಿರುವಿನಲ್ಲಿ ಹುಡುಗನು ಥಟ್ಟನೆ ತಿರುಗಿಯಾನು. ತೇರು ತಿರುಗಲು ಹೊತ್ತು ಬೇಕು. ಬಿಡಿ ಬಣ್ಣದ ಅಣು ಆ ಹುಡುಗನಂತೆ. ಅದರ ಬೆಳಕಿನಲ್ಲಿ ಮೊದಲಿನ ದಿಕ್ಕು ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಪ್ರೋಟೀನಿಗೆ ಅಂಟಿದ ಬಣ್ಣವು ನಿಧಾನವಾಗಿ ತಿರುಗುತ್ತದೆ. ಅದಕ್ಕೆ 'ಆ' ಎಂಬ ಇನ್ನೊಂದು ಪ್ರೋಟೀನು ಕೂಡಿಕೊಂಡರೆ ಇನ್ನೂ ನಿಧಾನ. ಉಳಿದ ದಿಕ್ಕಿನ ಈ ಅಳತೆಗೆ ಅನೈಸೋಟ್ರೊಪಿ ಎಂದು ಹೆಸರು. ಇಂತಹ ದ್ರಾವಣಗಳಲ್ಲಿ ಅದು 0.4ನ್ನು ಮೀರದು. ತಿರುಗುವ ಕಾಲಮಾನವು 12ರಿಂದ 24 ನ್ಯಾನೊಸೆಕೆಂಡಿಗೆ ಏರಿದರೆ, ಅನೈಸೋಟ್ರೊಪಿಯು 0.30ರಿಂದ ಸುಮಾರು 0.34ಕ್ಕೆ ಏರುತ್ತದೆ. ಏರಿಕೆ ಅಲ್ಪವೇ. ಆದುದರಿಂದ ಜೋಡಿಯಲ್ಲಿ ಚಿಕ್ಕದಕ್ಕೆ ಬಣ್ಣ ಹಚ್ಚುವುದು ಜಾಣತನ. ಈ ಸಂಬಂಧದ ಸೂತ್ರವನ್ನು 1926ರಲ್ಲಿ ಫ್ರಾನ್ಸಿಸ್ ಪೆರ‍್ರಿನ್ ಕೊಟ್ಟನು. 1952ರಲ್ಲಿ ಗ್ರೆಗೋರಿಯೊ ವೆಬರನು ಅದನ್ನು ಪ್ರೋಟೀನುಗಳಿಗೆ ಅನ್ವಯಿಸಿದನು.

'ಆ' ಪ್ರೋಟೀನನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಅಳೆದರೆ ಏರುವ ವಕ್ರರೇಖೆ ದೊರೆಯುತ್ತದೆ. 'ಅ' ಅಣುಗಳಲ್ಲಿ ಅರ್ಧದಷ್ಟು ಜೋಡಿಯಾಗಿರುವಾಗ ದ್ರಾವಣದಲ್ಲಿ ಬಿಡಿಯಾಗಿ ಉಳಿದ 'ಆ'ದ ಸಾರತೆಯೇ ವಿಘಟನಾಂಕ. ಇದು ಕಡಿಮೆಯಾದಷ್ಟೂ ಹಿಡಿತ ಬಿಗಿ.

'ಬಿಡಿಯಾಗಿ ಉಳಿದ' ಎಂಬ ಮಾತನ್ನು ಮರೆತು, ಬೆರೆಸಿದ ಒಟ್ಟು ಮೊತ್ತವನ್ನೇ ವಿಘಟನಾಂಕವೆಂದು ಬರೆದುಬಿಡುವುದುಂಟು. ನಿಜವಾದ ವಿಘಟನಾಂಕ 10 ನ್ಯಾನೊಮೋಲಾರ್ ಎಂದಿಟ್ಟುಕೊಳ್ಳೋಣ. 'ಅ' ಕೇವಲ 1 ನ್ಯಾನೊಮೋಲಾರ್ ಇದ್ದರೆ ಅರ್ಧದ ಗುರುತಿಗೆ ಬೆರೆಸಬೇಕಾದುದು 10.5, ಬಾಧಕವಿಲ್ಲ. ಆದರೆ 'ಅ' 1000 ಇದ್ದರೆ, ಜೋಡಿಗಳಲ್ಲಿ ಸೇರಿಹೋದ 500 ಮತ್ತು ಬಿಡಿಯಾದ 10 ಸೇರಿ 510 ಬೆರೆಸಬೇಕು. ಉತ್ತರವು 51 ಪಟ್ಟು ತಪ್ಪುತ್ತದೆ. ವಕ್ರರೇಖೆ ಮಾತ್ರ ಅಂದವಾಗಿಯೇ ಕಾಣುತ್ತದೆ! ಜೋಡಿಯಾದಾಗ ಬಣ್ಣದ ಹೊಳಪೇ ಹೆಚ್ಚುಕಡಮೆಯಾದರೆ ಅದಕ್ಕೂ ಲೆಕ್ಕದಲ್ಲಿ ತಿದ್ದುಪಡಿ ಬೇಕು.

ಕೆಲವು ಜೋಡಿಗಳಿಗೆ ಈ ಉಪಾಯವೂ ಸಾಲದು. ಒಂದು ಬಗೆಯ ಬ್ಯಾಕ್ಟೀರಿಯದಲ್ಲಿರುವ ಬಾರ್ನೇಸ್ ಮತ್ತು ಬಾರ್‌ಸ್ಟಾರ್ ಪ್ರೋಟೀನುಗಳ ವಿಘಟನಾಂಕವು 1 ನ್ಯಾನೊಮೋಲಾರಿನ ಸುಮಾರು ಲಕ್ಷದಲ್ಲೊಂದು ಪಾಲು. ಅಷ್ಟು ತೆಳುವಾದ ದ್ರಾವಣದ ಹೊಳಪನ್ನು ಹೀಗೆ ಅಳೆಯುವುದು ಆಗದ ಮಾತು. ಅಲ್ಲಿ ಅವು ಕೂಡುವ ವೇಗ, ಬಿಡುವ ವೇಗಗಳನ್ನು ಬೇರೆಬೇರೆಯಾಗಿ ಅಳೆದು ಭಾಗಿಸುತ್ತಾರೆ. ಕೂಡಿದ ಜೋಡಿಗಳಲ್ಲಿ ಅರ್ಧದಷ್ಟು ಬಿಡಿಯಾಗಲು ಸುಮಾರು ಒಂದು ದಿನ ಹಿಡಿಯುತ್ತದೆ.