ಪೊದೆಯ ಬುಡದ ನೀರು: ಅಳೆಯಲು ಹೊರಟವರಿಗೆ

ಹಳಿಯಾಳ, ಮುಂಡಗೋಡದ ಗೋಮಾಳಗಳಲ್ಲಿ ಲಂಟಾನ, ಯುಪಟೋರಿಯಂ ಹಬ್ಬಿದಷ್ಟೂ ಹುಲ್ಲು ಹಿಂದೆ ಸರಿದಿದೆ. ಈ ಪೊದೆಗಳು ಮಣ್ಣಿನ ನೀರನ್ನು ಎಷ್ಟು ಹೀರುತ್ತವೆ ಎಂದು ಅಳೆಯಹೊರಟ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಅವರೊಡನೆ ಮಣ್ಣು ಅಗೆದು ಕಲಿತ ಕೆಲವು ಮಾತು.

1. ಮೇಲ್ಮಣ್ಣನ್ನಷ್ಟೇ ನಂಬಬೇಡಿ. ಪೊದೆಯ ನೆರಳು, ಉದುರಿದ ತರಗು ಬಿಸಿಲನ್ನು ತಡೆಯುವುದರಿಂದ ಮೇಲಿನ ನಾಲ್ಕು ಬೆರಳಷ್ಟು ಮಣ್ಣು ಪಕ್ಕದ ಬಯಲಿಗಿಂತ ಹಸಿಯಾಗಿಯೇ ಇರಬಹುದು. ಅಲ್ಲಿಗೇ ನಿಂತರೆ ತೀರ್ಮಾನ ತಲೆಕೆಳಗಾಗುತ್ತದೆ. 0–15, 15–30, 30–60 ಸೆಂ.ಮೀ. ಎಂದು ಪದರಪದರವಾಗಿ ಮಣ್ಣು ತೆಗೆಯಿರಿ. ಮಳೆ ನಿಂತ ಮೇಲೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಹೋಗಿ. ಯಾವ ಪದರ ಎಷ್ಟು ಬೇಗ ಆರಿತು ಎಂಬುದೇ ಮುಖ್ಯ.

2. ತೇವಾಂಶದ ಲೆಕ್ಕ ಒಣಮಣ್ಣಿನ ತೂಕದ ಮೇಲೆ. 100 ಗ್ರಾಂ ಹಸಿಮಣ್ಣು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿ 80 ಗ್ರಾಂ ಉಳಿದರೆ ತೇವಾಂಶ ಶೇ. 25, ಶೇ. 20 ಅಲ್ಲ. ಗರಸನ್ನು ಜರಡಿ ಹಿಡಿದು ಬೇರೆ ತೂಗಿ.

3. ಗುಂಡಿ ತೋಡುವ ಮೊದಲು ಎಮ್ಮೆ ಸಾಕುವ ಗೌಳಿಗರ ವಸತಿಗೆ, ಅಂದರೆ ಗೌಳಿ ದಡ್ಡಿಗೆ ಹೋಗಿ. "ಅಜ್ಜಾ, ಈ ಪೊದೆ ಬರೋಕಿಂತ ಮೊದಲು ಇಲ್ಲಿ ಏನಿತ್ತು?" ಎಂದು ಕೇಳಿ. ನೀರು ನಿಲ್ಲುವ ತಗ್ಗು ಯಾವುದು, ಎಮ್ಮೆ ಮೇಯುತ್ತಿದ್ದ ಹುಲ್ಲು ಯಾವುದು, ಬೆಂಕಿ ಬಿದ್ದದ್ದು ಯಾವಾಗ ಎಂಬುದೆಲ್ಲ ಅವರಿಗೆ ಗೊತ್ತು. ಪೊದೆ ಮೊದಲಿಗೇ ತಗ್ಗಿನಲ್ಲಿ ಬೇರು ಬಿಟ್ಟಿದ್ದರೆ ನಿಮಗೆ ಕಾಣುವ ವ್ಯತ್ಯಾಸ ಗಿಡದ್ದಲ್ಲ, ನೆಲದ್ದು. ಹೋಲಿಸುವ ಎರಡು ತುಂಡು ಒಂದೇ ಇಳಿಜಾರಿನಲ್ಲಿ, ಒಂದೇ ಬಗೆಯ ಮಣ್ಣಿನಲ್ಲಿ ಇರಲೇಬೇಕು. ಇಷ್ಟು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪಾಠ ಇದು.

4. ಮಳೆಮಾಪಕ ನೀವು ಮಣ್ಣು ತೆಗೆಯುವ ಜಾಗದಲ್ಲೇ ಇರಲಿ. ಒಂದೇ ಜಿಲ್ಲೆಯಾದರೂ ಜೋಯಿಡಾ ತಾಲ್ಲೂಕಿನ ರಾಮನಗರ, ಕ್ಯಾಸಲ್‌ರಾಕ್ ಕಡೆಯ ಮಳೆಗೂ ಮುಂಡಗೋಡದ ಮಳೆಗೂ ಅಜಗಜಾಂತರ.

5. ಕಡಿದ ಮೇಲೂ ಅಳೆಯಿರಿ. ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ತೋರಿಸಿದಂತೆ ನೆಲಮಟ್ಟದ ಕೆಳಗೆ ಬುಡ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಇಡಬೇಕು. ಆದರೆ ಬೋಳಾದ ನೆಲ ಬಿಸಿಲಿಗೆ ಆರುತ್ತದೆ, ಮೊದಲ ದೊಡ್ಡ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಹುಲ್ಲಿನ ಬೀಜ ಕೈಯಲ್ಲಿಲ್ಲದೆ ಪೊದೆಗೆ ಕತ್ತಿ ಹಾಕುವುದು ನೀರಿಗೂ ಲಾಭವಲ್ಲ, ದನಕ್ಕೂ ಅಲ್ಲ.

6. ಪ್ರಬಂಧ ಕಾಲೇಜಿನ ಕಪಾಟು ಸೇರುವ ಮುನ್ನ ನಿಮ್ಮ ಅಂಕಿಗಳನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ ಬರೆದು ಗ್ರಾಮ ಅರಣ್ಯ ಸಮಿತಿಗೂ ದಡ್ಡಿಯ ಹಿರಿಯರಿಗೂ ಕೊಡಿ. ಮುಂದಿನ ಸಲ ಪೊದೆ ಕಡಿಸುವಾಗ ಅವರಿಗೆ ಅದು ಬೇಕು.