ಗಾಯಕ್ಕೆ ಬೆಳ್ಳಿ: ಯಾವಾಗ ಬೇಕು, ಯಾವಾಗ ಬೇಡ?

ಮಕ್ಕಳೇ, ಲ್ಯಾಬಿನಲ್ಲಿ ಉಪ್ಪುನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದ್ದು ನೆನಪುಂಟಾ? ಮೊಸರು ಒಡೆದ ಹಾಗೆ ಬಿಳಿ ಪ್ರಕ್ಷೇಪ ಬಂತು. ಪ್ರನಾಳವನ್ನು ಬಿಸಿಲಿಗೆ ಇಟ್ಟರೆ ಅದು ಕಪ್ಪಾಗುತ್ತಾ ಹೋಯಿತು. ಕ್ಲೋರೈಡ್ ಪರೀಕ್ಷೆ ಎಂದು ಬರೆದು, ಅಂಕ ತೆಗೆದುಕೊಂಡು ಮರೆತುಬಿಡುತ್ತೇವೆ. ಆದರೆ ಆಸ್ಪತ್ರೆಯಲ್ಲಿ ಗಾಯಕ್ಕೆ ಹಾಕುವ ಬೆಳ್ಳಿಯ ಡ್ರೆಸ್ಸಿಂಗ್ ಅರ್ಥವಾಗಬೇಕಾದರೆ ಈ ಪ್ರಯೋಗವೇ ಬೇಕು.

ಬೆಳ್ಳಿ ಎಂದರೆ ಗೆಜ್ಜೆ ಕಟ್ಟಿಕೊಂಡರೆ ಗಾಯ ವಾಸಿಯಾಗ್ತದೆ ಅಂತ ಅಲ್ಲ. ಲೋಹದ ಪರಮಾಣು ಒಂದು ಇಲೆಕ್ಟ್ರಾನು ಕಳೆದುಕೊಂಡು ಅಯಾನು ಆದ ಮೇಲೆಯೇ ಅದಕ್ಕೆ ಶಕ್ತಿ. ಅದಕ್ಕೆ ತೇವ ಬೇಕು. ಬೆಳ್ಳಿಗೆ ಗಂಧಕದ ಮೇಲೆ ಬಹಳ ಪ್ರೀತಿ. ಗೆಜ್ಜೆ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ. ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲೂ ಗಂಧಕ ಉಂಟು. ಬೆಳ್ಳಿಯ ಅಯಾನು ಅಲ್ಲಿ ಅಂಟಿಕೊಂಡರೆ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ, ಕೋಶಪೊರೆ ಸೋರುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ.

ಇದನ್ನು ವೈದ್ಯರು ಬಳಸತೊಡಗಿ ಬಹಳ ಕಾಲವಾಯಿತು. 1880ರ ದಶಕದಲ್ಲಿ ಜರ್ಮನಿಯ ಕ್ರೆಡೆ ಎಂಬ ವೈದ್ಯರು ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಎಷ್ಟೋ ಮಕ್ಕಳ ದೃಷ್ಟಿ ಉಳಿಸಿದರು. 1965ರಲ್ಲಿ ಅಮೆರಿಕದ ಮೋಯರ್, ಸುಟ್ಟ ಗಾಯಗಳಿಗೆ ಶೇ. 0.5ರ ದ್ರಾವಣದಲ್ಲಿ ನೆನೆಸಿದ ಬಟ್ಟೆ ಸುತ್ತಿದರು. ಅದನ್ನು ಮತ್ತೆ ಮತ್ತೆ ನೆನೆಸುತ್ತಲೇ ಇರಬೇಕಿತ್ತು. ಯಾಕೆ? ಗಾಯದಿಂದ ಒಸರುವ ದ್ರವದಲ್ಲಿ ಕ್ಲೋರೈಡ್ ಉಂಟಲ್ಲ! ಅದು ಬೆಳ್ಳಿಯನ್ನು ಹಿಡಿದು ಪ್ರಕ್ಷೇಪ ಮಾಡಿಬಿಡುತ್ತದೆ. 1968ರಲ್ಲಿ ಚಾರ್ಲ್ಸ್ ಫಾಕ್ಸ್ ತಂದ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಬಿಳಿ ಮುಲಾಮು ಬೆಳ್ಳಿಯನ್ನು ನಿಧಾನವಾಗಿ ಬಿಡುತ್ತದೆ. ಸುಟ್ಟ ಗಾಯಕ್ಕೆಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಟ್ಯೂಬಿನಲ್ಲಿ ನೀವು ನೋಡಿರಬಹುದು. ಈಗಿನ ಡ್ರೆಸ್ಸಿಂಗುಗಳಲ್ಲಿ ಬೆಳ್ಳಿಯನ್ನು ಬಟ್ಟೆ ಅಥವಾ ಫೋಮಿನೊಳಗೇ ಸೇರಿಸಿರುತ್ತಾರೆ. ಕೆಲವು ದಿನಗಳವರೆಗೆ ಅಯಾನುಗಳು ಹೊರಬರುತ್ತಾ ಇರುತ್ತವೆ. ಇಂಥ ಕೆಲವನ್ನು ಸಲೈನಿನಲ್ಲಿ ನೆನೆಸಬಾರದು, ಶುದ್ಧೀಕರಿಸಿದ ನೀರಿನಲ್ಲೇ ನೆನೆಸಬೇಕು ಎಂದು ತಯಾರಕರೇ ಹೇಳುತ್ತಾರೆ. ಕಾರಣ ನಿಮ್ಮ ಪ್ರನಾಳದಲ್ಲೇ ಉಂಟು.

ಹಾಗಾದರೆ ಎಲ್ಲ ಗಾಯಕ್ಕೂ ಇದನ್ನೇ ಹಾಕಬಹುದಲ್ವಾ? ಇಲ್ಲ. ಬೆಳ್ಳಿಯ ಅಯಾನಿಗೆ ಶತ್ರು ಯಾರು, ಮಿತ್ರ ಯಾರು ಗೊತ್ತಾಗುವುದಿಲ್ಲ. ಹೊಸ ಚರ್ಮ ಕಟ್ಟುವ ನಮ್ಮ ಕೋಶಗಳಿಗೂ ಅದರಿಂದ ತೊಂದರೆ. ಇಂಗ್ಲೆಂಡಿನಲ್ಲಿ ಕಾಲಿನ ಹುಣ್ಣು ಇದ್ದ 213 ಮಂದಿಯ ಮೇಲೆ ನಡೆಸಿದ ಪರೀಕ್ಷೆ 2009ರಲ್ಲಿ ಪ್ರಕಟವಾಯಿತು. ಬೆಳ್ಳಿ ಇದ್ದ ಪಟ್ಟಿಗೂ ಇಲ್ಲದ ಪಟ್ಟಿಗೂ 12 ವಾರಗಳಲ್ಲಿ ವಾಸಿಯಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಖರ್ಚು ಮಾತ್ರ ಹೆಚ್ಚು. ಆದ್ದರಿಂದ ಸೋಂಕು ತಗಲಿದ ಗಾಯಕ್ಕೆ ಸಾಮಾನ್ಯವಾಗಿ ಎರಡು ವಾರ ಹಾಕಿ, ಮತ್ತೆ ನೋಡಿ ನಿರ್ಧರಿಸುವುದು ಈಗಿನ ಕ್ರಮ. ಸುಮ್ಮನೆ ಬಳಸಿದರೆ ಬೆಳ್ಳಿಗೂ ಬಗ್ಗದ ಬ್ಯಾಕ್ಟೀರಿಯಾ ಉಳಿದುಕೊಳ್ಳುವ ಅಪಾಯ ಉಂಟು.

ನಮ್ಮ ಕಡೆ ಈ ವಿಷಯ ಮನೆಯೊಳಗಿನದ್ದೇ. ಸಕ್ಕರೆ ಕಾಯಿಲೆ ಇರುವ ಅಜ್ಜ ಬರಿಗಾಲಲ್ಲಿ ಅಡಿಕೆ ತೋಟಕ್ಕೆ ಹೋಗುತ್ತಾರೆ. ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಆ ಗಾಯ ಮಾಯದಿರುವುದು ರಕ್ತಸಂಚಾರ ಸಾಲದೆ, ಸಕ್ಕರೆ ಹತೋಟಿಯಲ್ಲಿಲ್ಲದೆ, ಅದೇ ಜಾಗದ ಮೇಲೆ ಭಾರ ಬೀಳುತ್ತಾ ಇರುವುದರಿಂದ. ಇದ್ಯಾವುದನ್ನೂ ಬೆಳ್ಳಿ ಸರಿಮಾಡುವುದಿಲ್ಲ. ನಮ್ಮ ಕಾಸರಗೋಡಿನಲ್ಲೇ ಆನೆಕಾಲು ರೋಗಿಗಳಿಗೆ ಚಿಕಿತ್ಸೆ ಕೊಡುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಉಂಟು. ಅಲ್ಲಿ ಆಯುರ್ವೇದ, ಯೋಗ, ಆಧುನಿಕ ವೈದ್ಯ ಎಲ್ಲ ಸೇರಿಸುತ್ತಾರೆ. ಆದರೂ ಸೋಪು ಹಾಕಿ ಕಾಲು ತೊಳೆಯುವುದು, ಬೆರಳ ಸಂದಿಯನ್ನೂ ಒರಸಿ ಒಣಗಿಸುವುದು ದಿನನಿತ್ಯದ ಚಿಕಿತ್ಸೆಯ ಭಾಗ. ಬ್ಯಾಕ್ಟೀರಿಯಾ ಒಳಗೆ ಬರುವುದು ಆ ಸಣ್ಣ ಬಿರುಕುಗಳಿಂದಲೇ.

ಇವತ್ತು ಸಂಜೆ ಅಜ್ಜನ ಪಾದವನ್ನು ಒಮ್ಮೆ ತಿರುಗಿಸಿ ನೋಡಿ. ಅಡಿಭಾಗ, ಬೆರಳ ಸಂದಿ ಎರಡೂ. ಗಾಯ ಕಂಡರೆ, ನೋವಿಲ್ಲ ಎಂದು ಅವರು ಹೇಳಿದರೂ ಡಾಕ್ಟರಿಗೆ ತೋರಿಸಿ. ಕೀವು, ವಾಸನೆ, ಬಾವು, ಜ್ವರ ಇದ್ದರೆ ಅದೇ ದಿನ. ಬೆಳ್ಳಿಯ ಪಟ್ಟಿ ಕಟ್ಟಿ ಕಳಿಸಿದರೆ, ನಿಮ್ಮ ಮನೆಯಲ್ಲಿ ಅದನ್ನು ಬಿಚ್ಚಿ ಕಟ್ಟುವವರು ನೀವೇ ಆಗಿದ್ದರೆ, ಎರಡು ಪ್ರಶ್ನೆ ನರ್ಸ್ ಹತ್ತಿರ ಕೇಳಿಕೊಂಡು ಬನ್ನಿ: ಇದನ್ನು ನೆನೆಸಲಿಕ್ಕೆ ನೀರೋ ಸಲೈನೋ? ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?